ಮನೆಯಲ್ಲಿ ಕುಳಿತು ಕಟ್ಟಡದ ಕೆಲಸ ಕಲಿತದ್ದು

ತಮ್ಮಲ್ಲಿ ಹಲವರು ಮನೆ ಕಟ್ಟಿಸಿದವರಿರಬಹುದು. ಕಟ್ಟಿಸಬೇಕೆಂದು ಹಣ ಕೂಡಿಡುತ್ತಿರುವವರು ಇನ್ನೂ ಹೆಚ್ಚು ಮಂದಿ ಇರಬಹುದು. ಕಟ್ಟಿಸಿದವರಿಗೆ ನನ್ನ ಮೊದಲ ಮಾತು ಅನುಭವದಿಂದಲೇ ಗೊತ್ತು. ಇಟ್ಟಿಗೆ ಬಂದ ದಿನ ಗಾರೆಯವರು ಬರುವುದಿಲ್ಲ. ಗಾರೆಯವರು ಬಂದ ದಿನ ಮರಳಿರುವುದಿಲ್ಲ. ಎರಡೂ ಇರುವ ದಿನ ತೊಟ್ಟಿಯಲ್ಲಿ ನೀರಿರುವುದಿಲ್ಲ. ಮೂರೂ ಕೂಡಿಬಂದ ದಿನ ಅಮಾವಾಸ್ಯೆ! ಆಳು, ಸಾಮಾನು, ಹಣ, ಕಾಲ ಈ ನಾಲ್ಕನ್ನೂ ಬೇಕಾದ ಜಾಗದಲ್ಲಿ ಬೇಕಾದ ದಿನ ಒಟ್ಟಿಗೆ ತಂದು ನಿಲ್ಲಿಸುವುದು ಒಂದು ವಿದ್ಯೆ. ಅದಕ್ಕೆ ಈಗ ವಿಶ್ವವಿದ್ಯಾನಿಲಯಗಳಲ್ಲಿ ಕಟ್ಟಡ ಕಾಮಗಾರಿಯ ನಿರ್ವಹಣೆ ಎಂದು ಹೆಸರು.

ಹೆಸರು ಹೊಸದಾದರೂ ಕೆಲಸ ಹಳೆಯದೇ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಮೊದಲಾದಾಗಲೂ ಈ ನಾಲ್ಕು ಇದ್ದುವು. ಹೊಳೆಗೆ ಅಡ್ಡವಾಗಿ ಕಟ್ಟುವವರಿಗಾಗಿ ಮುಂಗಾರು ಕಾದು ನಿಲ್ಲುವುದಿಲ್ಲ. ಬೆಂಗಳೂರಿನ ವಿಧಾನಸೌಧಕ್ಕೆ 1951ರಲ್ಲಿ ಅಡಿಗಲ್ಲಿಟ್ಟರು. 1956ರಲ್ಲಿ ಅದು ಎದ್ದು ನಿಂತಿತು. ಅಷ್ಟು ಕಲ್ಲು, ಅಷ್ಟು ಕೈ, ಅಷ್ಟು ಲೆಕ್ಕ ತಾವಾಗಿಯೇ ಹೊಂದಿಕೊಂಡವೆಂದು ಯಾರೂ ಭಾವಿಸಲಾರರು. ದೊಡ್ಡ ಕಟ್ಟಡಕ್ಕೆ ಬೇಕಾದ ವಿದ್ಯೆ ನಮ್ಮ ನಿಮ್ಮ ಎರಡು ಕೋಣೆಯ ಮನೆಗೂ ಬೇಕು ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ನಾನು ಒಂದು ಸಣ್ಣ ಊರಿನವನು. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಟ್ಟಡಗಳ ಮೇಲ್ವಿಚಾರಣೆಯಲ್ಲಿ ಬಿಸಿಲು ಕಾಯಿಸಿದವನು. ನಲವತ್ತನ್ನು ದಾಟಿದ ಮೇಲೆ, ಮನೆಯಲ್ಲೇ ಕುಳಿತು, ಕಂಪ್ಯೂಟರಿನ ಮೂಲಕ, ಒಂದು ವಿಶ್ವವಿದ್ಯಾನಿಲಯ ನಡೆಸುವ ಒಂದು ವರ್ಷದ ಪ್ರಮಾಣಪತ್ರದ ಪಾಠಕ್ರಮಕ್ಕೆ ಸೇರಿ ಈ ವಿದ್ಯೆಯನ್ನು ಕಲಿತೆ. ಅದರ ಕಥೆಯನ್ನು ತಮ್ಮ ಮುಂದಿಡುವುದಕ್ಕೆ ಬಂದಿದ್ದೇನೆ. ದೊಡ್ಡ ಸಾಧನೆಯ ಕಥೆಯಲ್ಲ. ಒಂದು ತಪ್ಪಿನಿಂದ ಮೊದಲಾಗುವ ಕಥೆ.

ಆ ತಪ್ಪನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ಒಬ್ಬ ಕಂಟ್ರಾಕ್ಟರರ ಕೈಕೆಳಗೆ ನಾನಿದ್ದೆ. ಒಂದು ಮನೆಯ ನಡುಮನೆಗೆ ಹದಿನಾರು ಅಡಿ ಅಗಲದ ತಾರಸಿ, ಮೇಸ್ತ್ರಿಗಳ ಮಾತಿನಲ್ಲಿ ಮೋಲ್ಡು, ಹಾಕಿದ್ದೆವು. ಕಾಂಕ್ರೀಟು ಗಟ್ಟಿಯಾಗುವವರೆಗೆ ಅದರ ಭಾರವನ್ನು ಹೊರುವುದು ಕೆಳಗೆ ನಿಲ್ಲಿಸಿದ ಸೆಂಟ್ರಿಂಗಿನ ಕಂಬಗಳು. ನಮ್ಮ ದೇಶದ ಕಾಂಕ್ರೀಟು ಸಂಹಿತೆಯಾದ ಐಎಸ್ 456 ಇದಕ್ಕೆ ದಿನಗಳನ್ನು ಗೊತ್ತುಮಾಡಿದೆ. ಸಾಧಾರಣ ಪೋರ್ಟ್‌ಲೆಂಡ್ ಸಿಮೆಂಟಾದರೆ, ನಾಲ್ಕೂವರೆ ಮೀಟರಿನವರೆಗಿನ ತಾರಸಿಯ ಕಂಬಗಳನ್ನು 7 ದಿನ ತೆಗೆಯಕೂಡದು; ಅದಕ್ಕಿಂತ ಅಗಲವಾದರೆ 14 ದಿನ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಬೂದಿ ಬೆರೆತ ಸಿಮೆಂಟುಗಳಾದರೆ, ಅಥವಾ ಚಳಿ ಹೆಚ್ಚಾದರೆ, ಇನ್ನೂ ಹೆಚ್ಚು ದಿನ ಬಿಡಬೇಕಾದೀತು. ಹದಿನಾರು ಅಡಿ ಎಂದರೆ ನಾಲ್ಕೂವರೆ ಮೀಟರಿಗಿಂತ ಹೆಚ್ಚು. ಎಂದಮೇಲೆ 14 ದಿನ ಬಿಡಲೇಬೇಕಾಗಿತ್ತು.

ಎಂಟನೆಯ ದಿನ ಕಂಟ್ರಾಕ್ಟರರು ಬಂದು, "ಗೃಹಪ್ರವೇಶಕ್ಕೆ ಲಗ್ನ ಇಟ್ಟಾಗಿದೆ, ಒಳಗೆ ಗಾರೆ ಮೊದಲಾಗಬೇಕು, ಕಂಬ ಬಿಚ್ಚಿಸಿ" ಎಂದರು. "ಇನ್ನೂ ಆರು ದಿನ ಬೇಕಲ್ಲ ಸಾರ್" ಎಂದೆ. "ಎಷ್ಟು ಮನೆ ನೋಡಿಲ್ಲ ನಾನು" ಎಂದರು. ನಾನು ಸುಮ್ಮನಾದೆ. ಅಂಕಿ ನನಗೆ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದೆ. ಅಂದು ಮಧ್ಯಾಹ್ನ ಮೂರನೆಯ ಸಾಲಿನ ಕಂಬ ಬಿಚ್ಚುವಾಗ ತಾರಸಿ ನಡುವೆ ಜಗ್ಗಿತು. ಹಲಗೆಯೊಂದಿಗೆ ಕಾಂಕ್ರೀಟಿನ ಒಂದು ಹೆಂಟೆ ಕಳಚಿ, ಕೆಳಗಿದ್ದ ಆಳಿನ ಕಾಲಿನ ಮೇಲೆ ಬಿತ್ತು. ಕಾಲು ಮುರಿಯಿತು. ಪ್ರಾಣ ಉಳಿದದ್ದು ಯಾರ ಪುಣ್ಯವೋ. ನಾಲ್ಕು ತಿಂಗಳು ಮನೆಯಲ್ಲಿ ಮಲಗಿದ್ದು ಎದ್ದ ಆತ ಈಗಲೂ ಎಡಗಾಲು ಎಳೆದು ನಡೆಯುತ್ತಾನೆ.

ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡಿತು. ನಾನು ಗಟ್ಟಿಯಾಗಿ ಏಕೆ ಹೇಳಲಿಲ್ಲ? ಹೆದರಿಕೆಯಿಂದ ಎನ್ನಬಹುದು. ಅದು ನಿಜ, ಆದರೆ ಅರ್ಧ ನಿಜ. ಇನ್ನರ್ಧವೆಂದರೆ, "ಬೇಡ" ಎನ್ನುವುದು ಬಿಟ್ಟರೆ ಹೇಳುವುದಕ್ಕೆ ನನ್ನಲ್ಲಿ ಬೇರೆ ಮಾತಿರಲಿಲ್ಲ. "ಕಂಬ ಮುಟ್ಟಬೇಡಿ, ನಿಮ್ಮ ಆರು ದಿನವನ್ನು ನಾನು ಬೇರೆ ಕಡೆಯಿಂದ ಉಳಿಸಿಕೊಡುತ್ತೇನೆ" ಎಂದು ಹೇಳುವ ವಿದ್ಯೆ ನನಗೆ ಬರುತ್ತಿರಲಿಲ್ಲ. ಅದನ್ನು ಕಲಿಯಬೇಕೆಂಬ ಹಟ ಹುಟ್ಟಿದ್ದು ಆಗ.

ಕಲಿಯುವುದೇನೋ ಸರಿ, ಹೇಗೆ? ಕೆಲಸ ಬಿಟ್ಟು ಕಾಲೇಜಿಗೆ ಹೋಗುವ ಹಾಗಿರಲಿಲ್ಲ. ಮನೆ ಬಾಡಿಗೆ, ಮಗಳ ಓದು, ವಯಸ್ಸಾದ ತಾಯಿ. ಆಗ ಮಗಳೇ ದಾರಿ ತೋರಿಸಿದಳು. "ಅಪ್ಪ, ಈಗ ಪಾಠ ಮನೆಗೇ ಬರುತ್ತೆ, ನೀವು ಹೋಗುವುದು ಬೇಡ" ಎಂದಳು.

ಪಾಠ ಮನೆಗೆ ಬರುವುದು ರೇಡಿಯೊ ಕೇಳುವ ನಮಗೆ ಹೊಸದೇನೂ ಅಲ್ಲ. ಅಂಚೆಯ ಮೂಲಕ ಪಾಠ ಕಳುಹಿಸುವ ಕ್ರಮವನ್ನು ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಆರಂಭಿಸಿತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಂಚೆ ಶಿಕ್ಷಣದ ಸಂಸ್ಥೆ ಬಂದದ್ದು 1969ರಲ್ಲಿ. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾನಿಲಯ 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ತೆಗೆದುಕೊಂಡಾಗ ಪಾಠಗಳನ್ನು ಬಿಬಿಸಿಯ ರೇಡಿಯೊ ಮತ್ತು ಟೆಲಿವಿಷನ್ನಿನ ಮೂಲಕ ಹರಡಿತು. ಕೆಲಸಕ್ಕೆ ಹೋಗುವವರು ನಿದ್ದೆಗೆಟ್ಟು ಅವನ್ನು ನೋಡುತ್ತಿದ್ದರು. ಆ ಪ್ರಸಾರ 2006ರವರೆಗೆ ನಡೆಯಿತು. ಈಗ ಅಂತರಜಾಲ ಆ ಕೆಲಸವನ್ನು ವಹಿಸಿಕೊಂಡಿದೆ. ನಮ್ಮ ದೇಶದ ಐಐಟಿಗಳೂ ಬೆಂಗಳೂರಿನ ವಿಜ್ಞಾನ ಮಂದಿರವೂ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಯೋಜನೆಯನ್ನು ಆರಂಭಿಸಿದುವು. 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ಎಂಬ ವೇದಿಕೆ ಬಂದಿತು. ಇವುಗಳಲ್ಲಿ ಕಟ್ಟಡ ಕಾಮಗಾರಿಯ ನಿರ್ವಹಣೆಯ ಪಾಠಗಳೂ ಉಂಟು. ಕಲಿಯುವುದಕ್ಕೆ ಹಣವಿಲ್ಲ, ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮನೆಯಲ್ಲೇ ಕುಳಿತು ಎಂಜಿನಿಯರಿಂಗ್ ಪದವಿ ಕೊಡಿಸುತ್ತೇವೆ ಎಂದು ಯಾರಾದರೂ ತಮ್ಮ ಮಗನ ಬಳಿಗೆ ಬಂದರೆ ನಂಬಬೇಡಿ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2020ರ ನಿಯಮಗಳ ಪ್ರಕಾರ ಎಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಲ್ಲಾಗಲಿ ಅಂತರಜಾಲದಲ್ಲಾಗಲಿ ಕೊಡುವ ಹಾಗಿಲ್ಲ. ಅದಕ್ಕೂ ಮೊದಲು, 2017ರ ನವೆಂಬರಿನಲ್ಲಿ, ಕೆಲವು ಪರಿಗಣಿತ ವಿಶ್ವವಿದ್ಯಾನಿಲಯಗಳು ಒಪ್ಪಿಗೆಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟು ಕಠಿಣವಾದ ತೀರ್ಪನ್ನೇ ಕೊಟ್ಟಿತು. ದುಡಿದ ಹಣ, ಓದಿದ ವರ್ಷಗಳು, ಸಿಕ್ಕಿದ ಬಡ್ತಿ ಎಲ್ಲವೂ ಎಷ್ಟೋ ಮಂದಿಗೆ ಸಂದೇಹದಲ್ಲಿ ಬಿದ್ದುವು. ನಿರ್ವಹಣೆಯ ವಿಷಯದ ಪದವಿಗಳಿಗೆ ಈ ನಿಷೇಧವಿಲ್ಲ. ಆದರೆ ಅಲ್ಲಿಯೂ, ಸೇರುವ ವರ್ಷಕ್ಕೆ ಆ ವಿಶ್ವವಿದ್ಯಾನಿಲಯದ ಆ ಪದವಿಗೆ ಆಯೋಗದ ಮನ್ನಣೆ ಇದೆಯೇ ಎಂದು ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಯೇ ಹಣ ಕಟ್ಟಬೇಕು. ನಾನು ಓದಿದ್ದು ಪದವಿಯಲ್ಲ, ಪ್ರಮಾಣಪತ್ರ. ಅದು ನನ್ನನ್ನು ಎಂಜಿನಿಯರನ್ನಾಗಿ ಮಾಡಲಿಲ್ಲ, ಸಂಬಳವನ್ನೂ ತಕ್ಷಣ ಏರಿಸಲಿಲ್ಲ. ಇದನ್ನು ತಿಳಿದೇ ಸೇರಿದೆ. ಶುಲ್ಕಕ್ಕೆ ಹಣ ಬಂದದ್ದು ನನ್ನ ಮನೆಯಾಕೆ ಕಟ್ಟುತ್ತಿದ್ದ ಚೀಟಿಯಿಂದ. "ಕೈಗೆ ಬಳೆ ಮಾಡಿಸಬೇಕೆಂದಿದ್ದೆ ಕಣ್ರೀ, ಹೋಗಲಿ, ನೀವು ರಾತ್ರಿ ನಿದ್ದೆ ಮಾಡಿದರೆ ಸಾಕು" ಎಂದಳು. ನಿದ್ದೆಯೇನೋ ಇನ್ನೂ ಕಡಿಮೆಯಾಯಿತು!

ನನ್ನ ಪಾಠಶಾಲೆ ರಾತ್ರಿ ಒಂಬತ್ತೂವರೆಗೆ ತೆರೆಯುತ್ತಿತ್ತು. ಊಟವಾಗಿ, ತಾಯಿಯವರು ಮಲಗಿದ ಮೇಲೆ, ಅಡುಗೆಮನೆಯ ಮೇಜಿನ ಮುಂದೆ ಕುಳಿತುಕೊಳ್ಳುತ್ತಿದ್ದೆ. ಒಂದೊಂದು ಪಾಠ ಅರ್ಧ ಗಂಟೆ. ಅರ್ಥವಾಗದಿದ್ದರೆ ಅಲ್ಲೇ ನಿಲ್ಲಿಸಿ ಮತ್ತೆ ಕೇಳಬಹುದು. ತರಗತಿಯಲ್ಲಿ ಮೇಷ್ಟರನ್ನು ಹಾಗೆ ನಿಲ್ಲಿಸುವ ಧೈರ್ಯ ನನಗೆ ಎಂದೂ ಇರಲಿಲ್ಲ. ವಾರಕ್ಕೊಮ್ಮೆ ಎಲ್ಲರೂ ಒಂದೇ ಹೊತ್ತಿಗೆ ಪರದೆಯ ಮೇಲೆ ಸೇರುತ್ತಿದ್ದೆವು. ಹುಬ್ಬಳ್ಳಿಯವರೊಬ್ಬರು, ಕೇರಳದವರಿಬ್ಬರು, ದುಬಾಯಿಯಲ್ಲಿ ಕೆಲಸಕ್ಕಿದ್ದ ಮಂಗಳೂರಿನ ಹುಡುಗನೊಬ್ಬ; ಆತ ತನ್ನ ಹೆಲ್ಮೆಟ್ಟನ್ನು ತೆಗೆಯಲು ಮರೆತು ಎಷ್ಟೋ ದಿನ ಪಾಠಕ್ಕೆ ಕುಳಿತದ್ದುಂಟು. ಭಾನುವಾರ ರಾತ್ರಿ ಹನ್ನೆರಡರೊಳಗೆ ಲೆಕ್ಕಗಳನ್ನು ಬರೆದು ಕಳುಹಿಸಬೇಕು. ಹನ್ನೊಂದೂಮುಕ್ಕಾಲಿಗೆ ಕರೆಂಟು ಹೋದ ರಾತ್ರಿಗಳನ್ನು ನಾನು ಮರೆಯಲಾರೆ. ಮಗಳು ತನ್ನ ಫೋನಿನ ಬೆಳಕನ್ನು ಹಿಡಿದು ನಿಂತು, "ಅಪ್ಪ, ನನಗೆ ಹೋಂವರ್ಕ್ ಮುಗಿಸೆಂದು ಬೈಯುತ್ತಿದ್ದಿರಲ್ಲ" ಎಂದು ನಗುತ್ತಿದ್ದಳು.

ಇನ್ನು ಕಲಿತದ್ದೇನು? ಅಂದಾಜು ಪಟ್ಟಿ, ಕರಾರುಪತ್ರ, ಸಾಮಾನಿನ ಲೆಕ್ಕ, ಆಳುಗಳ ಸುರಕ್ಷತೆ, ಕೆಲಸದ ಗುಣಪರೀಕ್ಷೆ, ಹೀಗೆ ಹಲವು ಭಾಗಗಳು. ಅವುಗಳಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದೇ ಒಂದು. ನಿರ್ಣಾಯಕ ಹಾದಿಯ ವಿಧಾನ ಎಂದು ಅದನ್ನು ಕನ್ನಡದಲ್ಲಿ ಕರೆಯಬಹುದು. 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಎಂಬ ರಾಸಾಯನಿಕ ಕಂಪನಿಗಾಗಿ ಮೋರ್ಗನ್ ವಾಕರ್, ಜೇಮ್ಸ್ ಕೆಲ್ಲಿ ಎಂಬಿಬ್ಬರು ಇದನ್ನು ರೂಪಿಸಿದರು. ಹೆಸರು ಕೇಳಿ ಹೆದರಬೇಕಾಗಿಲ್ಲ. ಇದು ತಮ್ಮ ಮನೆಯ ಅಡುಗೆಮನೆಯಲ್ಲಿ ದಿನವೂ ನಡೆಯುತ್ತಿದೆ. ನಾಳೆ ಬೆಳಗ್ಗೆ ಇಡ್ಲಿಯಾಗಬೇಕಾದರೆ ಉದ್ದು ಇಂದು ಮಧ್ಯಾಹ್ನವೇ ನೆನೆಯಬೇಕು, ಸಂಜೆ ರುಬ್ಬಬೇಕು, ರಾತ್ರಿಯೆಲ್ಲ ಹಿಟ್ಟು ಹುದುಗಬೇಕು. ಚಟ್ನಿ ಬೆಳಗ್ಗೆ ಹತ್ತು ನಿಮಿಷದ ಕೆಲಸ. ಇಡ್ಲಿ ಬೇಯುವಾಗ ಮಾಡಿಕೊಂಡರಾಯಿತು. ಚಟ್ನಿ ಐದು ನಿಮಿಷ ತಡವಾದರೆ ತಿಂಡಿ ತಡವಾಗುವುದಿಲ್ಲ. ಉದ್ದು ನೆನೆಹಾಕುವುದು ಮರೆತರೆ ತಿಂಡಿಯೇ ಇಲ್ಲ. ಯಾವುದು ಉದ್ದು, ಯಾವುದು ಚಟ್ನಿ ಎಂದು ತಿಳಿಯುವುದೇ ಈ ವಿಧಾನದ ತಿರುಳು.

ಈಗ ಒಂದು ಮನೆಯನ್ನು ತೆಗೆದುಕೊಳ್ಳೋಣ. ಕಾಗದ, ಪೆನ್ಸಿಲು ಹತ್ತಿರವಿದ್ದರೆ ಬರೆದುಕೊಳ್ಳಿ. ಪಾಯ 20 ದಿನ. ಗೋಡೆ 25 ದಿನ. ಸೆಂಟ್ರಿಂಗು, ಕಂಬಿ ಕಟ್ಟುವುದು, ತಾರಸಿ ಹಾಕುವುದು 12 ದಿನ. ಕಂಬ ನಿಲ್ಲುವುದು 14 ದಿನ. ಆಮೇಲೆ ವಿದ್ಯುತ್ತಿನ ಹಾಗೂ ನೀರಿನ ಪೈಪಿಗಾಗಿ ಗೋಡೆ ಕೊರೆಯುವುದು 6 ದಿನ. ಒಳಗಾರೆ 15 ದಿನ. ನೆಲ ಹಾಸುವುದು 12 ದಿನ. ಬಾಗಿಲು ಕೂಡಿಸಿ ಬಣ್ಣ ಹೊಡೆಯುವುದು 12 ದಿನ. ಎಲ್ಲವೂ ಒಂದರ ಬೆನ್ನಿಗೆ ಒಂದು ನಡೆದರೆ ಒಟ್ಟು 116 ದಿನ. ಇದು ಉದ್ದಿನ ಸಾಲು. ಇದರಲ್ಲಿ ಒಂದು ದಿನ ತಪ್ಪಿದರೆ ಗೃಹಪ್ರವೇಶ ಒಂದು ದಿನ ತಪ್ಪುತ್ತದೆ. ಕಾಂಪೌಂಡು ಗೋಡೆ, ನೀರಿನ ತೊಟ್ಟಿ ಇವು ಚಟ್ನಿಯ ಜಾತಿ; ನಡುವೆ ಯಾವಾಗ ಬೇಕಾದರೂ ಮಾಡಬಹುದು.

ಬಡಗಿಯ ಕೆಲಸ? ಬಾಗಿಲು ಕಿಟಕಿಗಳ ರೆಕ್ಕೆಗಳಿಗೆ ಆತ 45 ದಿನ ಕೇಳುತ್ತಾನೆ ಎನ್ನಿ. ಅವು ಬೇಕಾಗುವುದು 104 ದಿನ ಕಳೆದ ಮೇಲೆ. ಎಂದರೆ 59ನೆಯ ದಿನದವರೆಗೆ ಹೇಳದಿದ್ದರೂ ತೊಂದರೆಯಿಲ್ಲ. "ಇನ್ನೂ ಬೇಕಾದಷ್ಟು ದಿನ ಇದೆಯಲ್ಲ" ಎಂದು 70ನೆಯ ದಿನ ಹೇಳಿದಿರೋ, ರೆಕ್ಕೆ ಬರುವುದು 115ಕ್ಕೆ. ಇಡೀ ಮನೆ ಹನ್ನೊಂದು ದಿನ ಬಡಗಿಯ ದಾರಿ ಕಾಯುತ್ತದೆ. ಚಟ್ನಿಯೇ ಉದ್ದಾಯಿತು! ಮನೆ ಕಟ್ಟಿಸಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಈ ಪಾಠವಾದ ರಾತ್ರಿ ನಾನು ಹಳೆಯ ಆ ಮನೆಯನ್ನು ನೆನಪಿನಿಂದ ಹೀಗೆಯೇ ಬರೆದು ನೋಡಿದೆ. ಕಂಬ ಬಿಚ್ಚಿ ಉಳಿಸಬೇಕೆಂದಿದ್ದ ಆರು ದಿನಗಳು ಕಾಗದದ ಮೇಲೆ ನನ್ನ ಕಣ್ಣೆದುರಿಗೇ ಇದ್ದುವು. ಕಂಬಗಳು ನಿಂತಿರುವಾಗಲೇ, ಅವುಗಳ ನಡುವೆ ಜಾಗ ಮಾಡಿಕೊಂಡು, ಪೈಪಿಗಾಗಿ ಗೋಡೆ ಕೊರೆಯಬಹುದಾಗಿತ್ತು. ಕಂಬ ತಾರಸಿಯನ್ನು ಹೊರುತ್ತದೆ; ಗೋಡೆ ಕೊರೆಯುವುದಕ್ಕೆ ಅದು ಅಡ್ಡಿಯಲ್ಲ. ಒಬ್ಬನ ಕಾಲು ಮುರಿಯದೆ ಅದೇ ಲಗ್ನಕ್ಕೆ ಅದೇ ಮನೆ ಮುಗಿಯುತ್ತಿತ್ತು. ಅಂದು ರಾತ್ರಿ ನಾನು ಬಹಳ ಹೊತ್ತು ಆ ಕಾಗದದ ಮುಂದೆ ಕುಳಿತಿದ್ದೆ. ಮನೆಯಾಕೆ ಬಂದು ನೋಡಿ, ಏನೂ ಕೇಳದೆ, ಒಂದು ಲೋಟ ಮಜ್ಜಿಗೆ ಇಟ್ಟು ಹೋದಳು.

ಇನ್ನೊಂದು ಪಾಠವೂ ಉಂಟು. ವಾರದ ಕೂಟವೊಂದರಲ್ಲಿ ನಮ್ಮ ಅಧ್ಯಾಪಕರು, "ಒಪ್ಪಲಾಗದ ಆಜ್ಞೆ ಬಂದಾಗ ನೀವು ಏನು ಹೇಳಿದಿರಿ ಎಂದು ನಾನು ಕೇಳುವುದಿಲ್ಲ, ಏನು ಬರೆದಿರಿ?" ಎಂದು ಕೇಳಿದರು. ಯಾರೂ ಬಾಯಿಬಿಡಲಿಲ್ಲ. ಕಾಮಗಾರಿಯ ಸ್ಥಳದಲ್ಲಿ ದಿನಚರಿಯ ಪುಸ್ತಕವಿರಬೇಕು. ಇಂದು ಎಷ್ಟು ಆಳು, ಎಷ್ಟು ಚೀಲ ಸಿಮೆಂಟು, ಮಳೆ ಬಂತೇ, ಯಾರು ಏನು ಹೇಳಿದರು ಎಂದು ಅದರಲ್ಲಿ ದಿನದಿನವೂ ಬರೆಯಬೇಕು. ನಾವೆಲ್ಲ ಅದನ್ನು ಬಿಲ್ಲಿನ ತಗಾದೆಗಾಗಿ ಇಡುವ ಪುಸ್ತಕವೆಂದು ತಿಳಿದಿದ್ದೆವು. "ತಾರಸಿ ಹಾಕಿದ್ದು ಇಂಥ ತಾರೀಖು, ಕಂಬ ತೆಗೆಯಬಹುದಾದದ್ದು ಇಂಥ ತಾರೀಖು" ಎಂದು ಮೊದಲೇ ಬರೆದಿಟ್ಟ ಎರಡು ಸಾಲು, ಎಂಟನೆಯ ದಿನ ಬಂದು ಗದರಿಸುವವರ ಮುಂದೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ನನಗೆ ಆಮೇಲೆ ಅನುಭವಕ್ಕೆ ಬಂದಿತು.

ಪಾಠ ಮುಗಿದ ಮರುವರ್ಷದ ಮಾತು. ಬೇರೆಯವರ ಬಳಿ ಕೆಲಸಕ್ಕಿದ್ದೆ. ಅಲ್ಲಿಯೂ ಹದಿನಾರಡಿಯ ನಡುಮನೆ, ನಾನು ಈಗ ತಮಗೆ ಹೇಳಿದ ಅದೇ 116 ದಿನದ ಲೆಕ್ಕ. ತಾರಸಿ ಹಾಕಿ ಮೂರು ದಿನವಾಗಿತ್ತು. ಮನೆಯ ಯಜಮಾನರು ಬಂದು, "ನಮ್ಮ ತಾಯಿಯವರಿಗೆ ಆಪರೇಷನ್ ಗೊತ್ತಾಗಿದೆ, ಅದಕ್ಕೆ ಮೊದಲು ಅವರು ಹೊಸಿಲು ದಾಟಬೇಕು. ಒಂಬತ್ತು ದಿನ ಮುಂಚೆ ಮನೆ ಬೇಕು. ಆ ಕಂಬಗಳನ್ನು ಬೇಗ ತೆಗೆಸಿಬಿಡಿ" ಎಂದರು. ಮುದುಕಿ ತಾಯಿಯ ಆಸೆ, ಇಲ್ಲವೆನ್ನುವುದು ಹೇಗೆ? ಒಂದು ಕ್ಷಣ ನನ್ನ ಹಳೆಯ ಬಾಯಿ ಕಟ್ಟಿತು.

ಆಮೇಲೆ ಅವರನ್ನು ಕೂರಿಸಿ, ದಿನಚರಿಯನ್ನು ತೆರೆದು, ಗೆರೆ ಎಳೆದು ತೋರಿಸಿದೆ. "ಯಜಮಾನರೇ, ಈ ಹದಿನಾಲ್ಕು ದಿನ ನನ್ನದೂ ಅಲ್ಲ, ನಿಮ್ಮದೂ ಅಲ್ಲ, ಅದು ಸಿಮೆಂಟಿನದು. ಅದನ್ನು ಬಿಟ್ಟು ಉಳಿದುದನ್ನು ಕೇಳಿ. ಗೋಡೆ ಕೊರೆಯುವುದನ್ನು ಕಂಬ ನಿಂತಿರುವಾಗಲೇ ಮುಗಿಸುತ್ತೇನೆ, ಆರು ದಿನ ಉಳಿಯುತ್ತದೆ. ನೆಲಕ್ಕೆ ಇನ್ನೊಂದು ಜೋಡಿ ಆಳು ಹಾಕಿದರೆ ಹನ್ನೆರಡು ದಿನದ ಕೆಲಸ ಒಂಬತ್ತಕ್ಕೆ ಬರುತ್ತದೆ. ಅದರ ಕೂಲಿ ಸ್ವಲ್ಪ ಹೆಚ್ಚು ಬೀಳುತ್ತದೆ, ಅದನ್ನು ನೀವು ಕೊಡಬೇಕು. ಒಟ್ಟು ಒಂಬತ್ತು ದಿನ. ಆದರೆ ಬಡಗಿಗೆ 59ನೆಯ ದಿನದವರೆಗೆ ಇದ್ದ ಅವಕಾಶ ಈಗ 50ಕ್ಕೆ ಬಂದಿತು. ಇಂದಿಗೆ 60 ದಿನವಾಗಿದೆ." ಅವರ ಮುಖ ಸಪ್ಪೆಯಾಯಿತು. ನಾನು ನಕ್ಕು, "ಬಡಗಿಗೆ ನಲವತ್ತನೆಯ ದಿನವೇ ಹೇಳಿಯಾಗಿದೆ" ಎಂದೆ. ಅವರೂ ನಕ್ಕರು. 116 ದಿನದ ಮನೆ 107 ದಿನಕ್ಕೆ ಮುಗಿಯಿತು. ಆ ತಾಯಿಯವರು ಬಲಗಾಲಿಟ್ಟು ಒಳಗೆ ಬಂದಾಗ ನಾನು ಬಾಗಿಲ ಬಳಿ ನಿಂತಿದ್ದೆ. ಅವರು ತಲೆಯೆತ್ತಿ ತಾರಸಿಯನ್ನು ನೋಡಲಿಲ್ಲ. ತಲೆಯ ಮೇಲಿನ ಸೂರನ್ನು ಯಾರೂ ನೋಡದೆ ನಂಬುತ್ತಾರೆ, ನಂಬುವಂತಿರಬೇಕು ಅದು.

ಹಾಗಾದರೆ ಮನೆಯಲ್ಲಿ ಕುಳಿತು ಎಲ್ಲವನ್ನೂ ಕಲಿತುಬಿಡಬಹುದೇ? ಸಾಧ್ಯವಿಲ್ಲ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿದಾಗ ಬರುವ ನಾದದಿಂದ ಸುಟ್ಟದ್ದು ಸರಿಯೇ ಎಂದು ಹೇಳುವ ಕಿವಿ, ಕಾಂಕ್ರೀಟಿಗೆ ನೀರು ಹೆಚ್ಚಾಯಿತೆಂದು ಸಲಿಕೆಯ ತೂಕದಲ್ಲೇ ಅರಿಯುವ ಕೈ, ತೂಗುಗುಂಡು ಬಿಡುವ ಮೊದಲೇ ಗೋಡೆ ವಾಲಿದ್ದನ್ನು ಕಾಣುವ ಕಣ್ಣು, ಇವು ಪರದೆಯಿಂದ ಬರುವುದಿಲ್ಲ. ಅವನ್ನು ನನಗೆ ಕಲಿಸಿದವರು ಓದು ಬರಹ ಬಾರದ ಮೇಸ್ತ್ರಿಗಳು. ಗೋಡೆಯನ್ನೇ ಕಾಣದವನಿಗೆ ಈ ಪಾಠ ಬರಿಯ ಗೆರೆಗಳ ಆಟವಾದೀತು. ಹಗಲು ಸ್ಥಳದಲ್ಲಿ ಕಂಡದ್ದನ್ನು ರಾತ್ರಿ ಪಾಠದಲ್ಲಿ ಅರಿತು, ರಾತ್ರಿ ಅರಿತದ್ದನ್ನು ಮರುದಿನ ಸ್ಥಳದಲ್ಲಿ ಮಾಡಿನೋಡುವವನಿಗೆ ಮಾತ್ರ ಇದು ಫಲಿಸುತ್ತದೆ. ಆ ದೃಷ್ಟಿಯಿಂದ, ಕೆಲಸ ಬಿಟ್ಟು ಕಾಲೇಜಿಗೆ ಹೋದ ಹುಡುಗನಿಗಿಂತ, ಕೆಲಸದಲ್ಲಿದ್ದೇ ಕಲಿಯುವವನಿಗೆ ಒಂದು ಅನುಕೂಲ ಹೆಚ್ಚೇ ಇದೆ ಎಂದು ನನ್ನ ಭಾವನೆ.

ತಮ್ಮ ಮನೆಯಲ್ಲಿ ಇಂಥ ಕೆಲಸದಲ್ಲಿರುವ ಮಗನೋ ತಮ್ಮನೋ ಇದ್ದು, ಕಲಿಯುವ ಆಸೆ ತೋರಿದರೆ, ವಯಸ್ಸಾಯಿತು ಎಂದು ತಡೆಯಬೇಡಿ. ಮೊದಲು ಹಣವಿಲ್ಲದೆ ಸಿಗುವ ಪಾಠಗಳಲ್ಲಿ ಒಂದನ್ನು ಮೂರು ತಿಂಗಳು ಕೇಳಲಿ. ರುಚಿ ಹತ್ತಿದರೆ ಆಮೇಲೆ ಶುಲ್ಕದ ಮಾತು. ರಾತ್ರಿ ಒಂದೂವರೆ ಗಂಟೆ ಅವರನ್ನು ಯಾವ ಕೆಲಸಕ್ಕೂ ಕರೆಯದಿರುವುದೇ ಮನೆಯವರು ಕೊಡಬಹುದಾದ ದೊಡ್ಡ ವಿದ್ಯಾರ್ಥಿವೇತನ. ಇನ್ನು ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು: ಗೃಹಪ್ರವೇಶದ ಲಗ್ನವನ್ನು ಜೋಯಿಸರಲ್ಲಿ ಕೇಳುವ ಮೊದಲು, ತಾರಸಿಯ ಕಂಬ ಎಂದು ತೆಗೆಯಬಹುದು ಎಂಬುದನ್ನು ಮೇಲ್ವಿಚಾರಕರಲ್ಲಿ ಕೇಳಿ, ಬರೆಸಿಟ್ಟುಕೊಳ್ಳಿ. ಅವರು "ಬೇಡ" ಎಂದಾಗ ಅದು ಸೋಮಾರಿತನವಲ್ಲ ಎಂದು ನಂಬಿ.

ಕಾಲು ಎಳೆದು ನಡೆಯುವ ಆ ಮನುಷ್ಯ ಈಗ ನನ್ನ ಜೊತೆಯಲ್ಲೇ ಕೆಲಸದಲ್ಲಿದ್ದಾನೆ. ಸಾರವೆ ಹತ್ತಲಾರ, ಸಾಮಾನಿನ ಉಗ್ರಾಣ ನೋಡಿಕೊಳ್ಳುತ್ತಾನೆ. ಪ್ರಮಾಣಪತ್ರ ಬಂದ ದಿನ ಮನೆಯವರಿಗೆ ತೋರಿಸಿದ ಮೇಲೆ ಅವನಿಗೆ ತೋರಿಸಿದೆ. ಇಂಗ್ಲಿಷಿನಲ್ಲಿತ್ತು; ಅವನಿಗೆ ಓದಲು ಬರುವುದಿಲ್ಲ. "ಇದರಲ್ಲಿ ಏನು ಬರೆದಿದೆ ಸಾರ್?" ಎಂದು ಕೇಳಿದ. ಏನು ಹೇಳಬೇಕೋ ತೋರಲಿಲ್ಲ. "ಹದಿನಾಲ್ಕು ದಿನ ಕಾಯಬೇಕು ಅಂತ ಬರೆದಿದೆ" ಎಂದೆ. ಅವನು ತಲೆಯಾಡಿಸಿ, ಕಾಗದವನ್ನು ಎರಡು ಕೈಯಲ್ಲಿ ಹಿಡಿದು, ಮಡಿಕೆ ಬೀಳದ ಹಾಗೆ ನನಗೆ ಹಿಂದಕ್ಕೆ ಕೊಟ್ಟ.